ಆ ದಿನ ಚೀಟಿ ಓದಿದವನು ನಾನು: ಪರೀಕ್ಷಾ ಮಂಡಳಿಗೆ ನಿವೃತ್ತ ಶಿಕ್ಷಕನ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ,
ಮಲ್ಲೇಶ್ವರಂ, ಬೆಂಗಳೂರು.

ವಿಷಯ: ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ದೊಡ್ಡವರೇ ಮಾಡಿಸುವ ನಕಲು ಮತ್ತು ಅದರಿಂದ ಮಕ್ಕಳ ನಡತೆಗೆ ಆಗುವ ಹಾನಿ ಕುರಿತು.

ಮಾನ್ಯರೇ,

ನಮಸ್ಕಾರಗಳು.

ನಾನು 31 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು. 2024ರ ಬೇಸಿಗೆಯಲ್ಲಿ ನಿವೃತ್ತನಾದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೊಠಡಿ ಮೇಲ್ವಿಚಾರಕನಾಗಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಮಾರ್ಚ್ ಬಂತೆಂದರೆ ಬೇರೆ ಶಾಲೆಗೆ ಡ್ಯೂಟಿ ಬೀಳುತ್ತಿತ್ತು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಕೇಂದ್ರದಲ್ಲಿ ಇರಬೇಕಿತ್ತು.

ಮಕ್ಕಳಲ್ಲಿ ನೀತಿ ಉಳಿದಿಲ್ಲ, ಅವರಿಗೆ ನೈತಿಕ ಶಿಕ್ಷಣ ಕೊಡಬೇಕು ಎಂಬ ಮಾತನ್ನು ಹಲವು ವರ್ಷಗಳಿಂದ ಕೇಳುತ್ತಿದ್ದೇನೆ. ಸಭೆಗಳಲ್ಲಿ ಹೇಳುತ್ತಾರೆ, ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಹೇಳುತ್ತಾರೆ. ಮಂತ್ರಿಗಳು, ಮಠಾಧೀಶರು, ನಿವೃತ್ತ ಅಧಿಕಾರಿಗಳು, ಎಲ್ಲರೂ ಹೇಳುತ್ತಾರೆ. ಹೇಳುವವರ ಕಾಳಜಿ ನಿಜವಾದದ್ದೇ. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಂದು ಕೊಠಡಿ ನೆನಪಾಗುತ್ತದೆ. ಅಲ್ಲಿ 24 ಮಕ್ಕಳಿದ್ದರು. ನೀತಿ ಕಳೆದುಕೊಂಡಿದ್ದವನು ಅವರ ಮುಂದೆ ನಿಂತಿದ್ದ ನಾನು.

ಅದನ್ನು ಮೊದಲು ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟು ಉಳಿದ ಮಾತು ಆಡುವ ಹಕ್ಕು ನನಗಿಲ್ಲ.

ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾಗಳು ಬರುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಅವತ್ತು ಗಣಿತದ ಪರೀಕ್ಷೆ. ಊರು, ಶಾಲೆ, ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಪರೀಕ್ಷೆ ಶುರುವಾಗಿ ಮುಕ್ಕಾಲು ಗಂಟೆ ಆಗಿತ್ತು. ನೀರು ಕೊಡುವ ಹುಡುಗ ಒಳಗೆ ಬಂದ. ತಂಬಿಗೆಯ ಅಡಿಯಲ್ಲಿ ಮಡಚಿದ ಚೀಟಿ ಇತ್ತು. ಅದನ್ನು ಮೇಜಿನ ಮೇಲೆ ಇಟ್ಟು, ನನ್ನ ಮುಖ ನೋಡದೆ ಹೊರಟುಹೋದ. ಬಹು ಆಯ್ಕೆಯ ಎಂಟೂ ಪ್ರಶ್ನೆಗಳಿಗೆ ಉತ್ತರ ಅದರಲ್ಲಿತ್ತು. ಹಿಂದಿನ ದಿನ ನಮ್ಮನ್ನೆಲ್ಲ ಕೂರಿಸಿ "ಮಕ್ಕಳಿಗೆ ಸ್ವಲ್ಪ ಸಹಕಾರ ಕೊಡಿ" ಎಂದಿದ್ದರು. ಸಹಕಾರ ಎಂದರೆ ಏನು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ನಾನು ಬಾಗಿಲ ಕಡೆ ಒಮ್ಮೆ ನೋಡಿದೆ. ಆಮೇಲೆ ದನಿ ತಗ್ಗಿಸಿ ಓದಿದೆ. ಒಂದು, ಬಿ. ಎರಡು, ಡಿ. ಹೀಗೆ.

ಅದರಲ್ಲಿ ಒಂದು ಪ್ರಶ್ನೆ ಸಮಾಂತರ ಶ್ರೇಢಿಯದು. 2, 5, 8, 11 ಹೀಗೆ ಹೋಗುವ ಶ್ರೇಢಿಯ ಹತ್ತನೇ ಪದ ಯಾವುದು? ಚೀಟಿಯಲ್ಲಿ 32 ಎಂದಿತ್ತು. ನಾನು 32 ಎಂದೆ. ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ತಲೆ ಎತ್ತಿ, "ಸರ್, ಅದು 29 ಬರುತ್ತೆ. ನಾನು ಎರಡು ಸಲ ಮಾಡಿ ನೋಡಿದೆ" ಎಂದಳು. ನನಗೆ ಗಣಿತ ಅಷ್ಟು ಬರುವುದಿಲ್ಲ. "ಚೀಟಿಯಲ್ಲಿ ಹಾಗೇ ಇದೆಯಮ್ಮ" ಎಂದೆ. ಅವಳು ಇನ್ನೇನೂ ಹೇಳಲಿಲ್ಲ. ತನ್ನ ಉತ್ತರವನ್ನು ಮಾತ್ರ ತಿದ್ದಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕರೆದಳು. "ಸರ್, ನೀವು ಹೇಳೋದು ಕೇಳಿದರೆ ನನ್ನ ಲೆಕ್ಕ ತಪ್ಪುತ್ತೆ. ಸುಮ್ನೆ ಇರ್ತೀರಾ?" ಅದರಲ್ಲಿ ಸಿಟ್ಟಿರಲಿಲ್ಲ. ಫ್ಯಾನು ಜೋರಾಯಿತು, ಕಡಿಮೆ ಮಾಡಿ ಅಂತ ಕೇಳಿದ ಹಾಗೆ ಕೇಳಿದಳು.

ಅವತ್ತು ಉತ್ತರ ಪತ್ರಿಕೆ ಸಂಗ್ರಹಿಸುವಾಗ ಕಂಡದ್ದನ್ನು ನಾನು ಮರೆತಿಲ್ಲ. ಎಷ್ಟೋ ಪತ್ರಿಕೆಗಳಲ್ಲಿ 29 ಎಂದು ಬರೆದು, ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 32 ಎಂದು ಬರೆದಿದ್ದರು. ಸಂಜೆ ನಮ್ಮ ಶಾಲೆಯ ಗಣಿತ ಮೇಷ್ಟ್ರನ್ನು ಕೇಳಿದೆ. "ಮೊದಲ ಪದ 2, ಅದಕ್ಕೆ ಒಂಬತ್ತು ಸಲ ಮೂರು ಸೇರಿಸಬೇಕು, ಹತ್ತು ಸಲ ಅಲ್ಲ. 29 ಸರಿ" ಎಂದರು. ಚೀಟಿ ಬರೆದವರು ಆತುರದಲ್ಲಿ ಹತ್ತು ಸಲ ಸೇರಿಸಿದ್ದರು. ತಾವೇ ಮಾಡಿದ ಸರಿ ಉತ್ತರವನ್ನು ಆ ಮಕ್ಕಳು ನನ್ನ ಮಾತು ಕೇಳಿ ಹೊಡೆದು ಹಾಕಿದ್ದರು.

ಒಂದು ಅಂಕ ಹೋಯಿತು ಅನ್ನುವುದು ನನ್ನ ನೋವಲ್ಲ. ಅಂಕ ಸಣ್ಣದು. ಹದಿನಾರು ವರ್ಷದ ಮಗು ತಾನು ಮಾಡಿದ ಲೆಕ್ಕವನ್ನು ನಂಬುವುದೋ, ಮುಂದೆ ನಿಂತ ದೊಡ್ಡವನು ಕದ್ದು ತಂದದ್ದನ್ನು ನಂಬುವುದೋ ಎಂಬ ಪ್ರಶ್ನೆ ಆ ಕೊಠಡಿಯಲ್ಲಿ ಬಂತು. ತನ್ನದನ್ನು ಅಳಿಸುವುದೇ ಜಾಣತನ ಅಂತ ನಾನು ಕಲಿಸಿದೆ. ವರ್ಷವೆಲ್ಲ ನಾನು ಮಾಡಿದ ಯಾವ ಪಾಠವೂ ಮಕ್ಕಳ ಮನಸ್ಸಿಗೆ ಅಷ್ಟು ಬೇಗ ಇಳಿದಿರಲಿಲ್ಲ.

ಯಾಕೆ ಓದಿದೆ ಎಂದು ನೀವು ಕೇಳಬಹುದು. ಹೆದರಿಕೆ ಇತ್ತು, ಅದಕ್ಕೇ ಓದಿದೆ. ಜನವರಿಯಿಂದಲೇ ಫಲಿತಾಂಶದ ಸಭೆಗಳು ಶುರುವಾಗುತ್ತಿದ್ದವು. ಹೋದ ವರ್ಷ ಎಷ್ಟು, ಈ ವರ್ಷ ಎಷ್ಟು, ಪಕ್ಕದ ತಾಲೂಕು ಎಷ್ಟು. ನಮ್ಮನ್ನು ಎಬ್ಬಿಸಿ ನಿಲ್ಲಿಸಿ ಕೇಳುತ್ತಿದ್ದರು. ಫಲಿತಾಂಶ ಕುಸಿದ ಶಾಲೆಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್ ಬರುತ್ತಿತ್ತು. ವೇತನ ಬಡ್ತಿ ನಿಲ್ಲಿಸುವ ಮಾತು ಬರುತ್ತಿತ್ತು. ಮಗು ಯಾಕೆ ಫೇಲಾಯಿತು ಎಂದು ತಿಳಿಯಲು ಆ ನೋಟಿಸ್ ಬರುತ್ತಿರಲಿಲ್ಲ. ಎಂಟನೇ ತರಗತಿಗೆ ಬಂದಾಗಲೇ ಆ ಮಗುವಿಗೆ ಓದಲು ಬರುತ್ತಿರಲಿಲ್ಲ, ಕಬ್ಬು ಕಟಾವಿಗೆ ಅಪ್ಪ ಅಮ್ಮನ ಜೊತೆ ಮೂರು ತಿಂಗಳು ಹೋಗಿತ್ತು, ಶಾಲೆಯಲ್ಲಿ ಎರಡು ವರ್ಷ ಇಂಗ್ಲಿಷ್ ಶಿಕ್ಷಕರೇ ಇರಲಿಲ್ಲ. ಇಂಥ ಉತ್ತರ ಬರೆದರೆ "ಸಮಜಾಯಿಷಿ ಸಮಾಧಾನಕರವಾಗಿಲ್ಲ" ಎಂದು ಮರುಪತ್ರ ಬರುತ್ತಿತ್ತು. ಹಾಗಾಗಿ ಸುಲಭದ ದಾರಿ ಎಲ್ಲರಿಗೂ ಗೊತ್ತಾಯಿತು. ನಿಮ್ಮ ಕೇಂದ್ರದ ಮಕ್ಕಳನ್ನು ನಾವು ನೋಡಿಕೊಳ್ಳುತ್ತೇವೆ, ನಮ್ಮವರನ್ನು ನೀವು ನೋಡಿಕೊಳ್ಳಿ.

ಇದು ನೆಪ ಅಲ್ಲ. ಹೆದರಿದವರೆಲ್ಲ ಓದಲಿಲ್ಲ. ನನ್ನ ಪಕ್ಕದ ಕೊಠಡಿಯಲ್ಲಿದ್ದ ಒಬ್ಬ ಮೇಡಂ ಆ ಚೀಟಿಯನ್ನು ಮಡಚಿದ್ದು ಮಡಚಿದ ಹಾಗೇ ವಾಪಸ್ ಕಳಿಸಿದರು. ಮುಂದಿನ ವರ್ಷ ಅವರಿಗೆ ದೂರದ ಕೇಂದ್ರದ ಡ್ಯೂಟಿ ಬಂತು. ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವರೂ ದೂರು ಕೊಡಲಿಲ್ಲ. ಕೊಡುವುದು ಯಾರಿಗೆ?

ಗಾಂಧೀಜಿಯವರ 'ಕೆಟಲ್' ಕಥೆ ನಮ್ಮ ಶಾಲೆಗಳಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಎಷ್ಟೋ ಅಕ್ಟೋಬರ್ 2ರಂದು ಹೇಳಿದ್ದೇನೆ. ರಾಜಕೋಟೆಯ ಹೈಸ್ಕೂಲು. ಜೈಲ್ಸ್ ಎಂಬ ಇನ್‌ಸ್ಪೆಕ್ಟರ್ ತಪಾಸಣೆಗೆ ಬಂದರು, ಐದು ಇಂಗ್ಲಿಷ್ ಶಬ್ದ ಬರೆಸಿದರು. ಮೋಹನದಾಸ 'ಕೆಟಲ್' ತಪ್ಪು ಬರೆದ. ಮೇಷ್ಟ್ರು ಬೂಟಿನ ತುದಿಯಿಂದ ತಿವಿದು, ಪಕ್ಕದವನ ಸ್ಲೇಟು ನೋಡು ಎಂದು ಸನ್ನೆ ಮಾಡಿದರು. ಹುಡುಗನಿಗೆ ಅದು ಅರ್ಥವೇ ಆಗಲಿಲ್ಲ. ನಕಲು ಮಾಡದ ಹಾಗೆ ನೋಡಿಕೊಳ್ಳಲು ಮೇಷ್ಟ್ರು ಅಲ್ಲಿದ್ದಾರೆ ಎಂದುಕೊಂಡಿದ್ದ. ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲರದೂ ಸರಿಯಾಗಿತ್ತು.

ಈ ಕಥೆ ಹೇಳುವಾಗ ನಾವು ಹುಡುಗನನ್ನು ಹೊಗಳಿ ನಿಲ್ಲಿಸುತ್ತೇವೆ. ಬೂಟಿನ ಬಗ್ಗೆ ಮಾತಾಡುವುದಿಲ್ಲ. ಆ ಮೇಷ್ಟ್ರಿಗೆ ಹುಡುಗನ ಮೇಲೆ ದ್ವೇಷ ಇರಲಿಲ್ಲ. ಇನ್‌ಸ್ಪೆಕ್ಟರ ಮುಂದೆ ತರಗತಿಯ ಮಾನ ಹೋಗುತ್ತದೆ ಎಂಬ ಅಂಜಿಕೆ ಇತ್ತು. ನೂರನಲವತ್ತಕ್ಕೂ ಹೆಚ್ಚು ವರ್ಷ ಆಯಿತು. ಇನ್‌ಸ್ಪೆಕ್ಟರ್ ಹೆಸರು ಬದಲಾಯಿತು, ಸ್ಲೇಟು ಹೋಗಿ ಉತ್ತರ ಪತ್ರಿಕೆ ಬಂತು. ಬೂಟು ಅಲ್ಲೇ ಇದೆ. ಆ ಕಥೆಯಲ್ಲಿ ನನ್ನ ಜಾಗ ಯಾವುದು ಎಂದು ನನಗೆ ಗೊತ್ತಾದ ಮೇಲೆ, ಶಾಲೆಯಲ್ಲಿ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಈಗ ಕ್ಯಾಮೆರಾದ ವಿಷಯಕ್ಕೆ ಬರುತ್ತೇನೆ. 2024ರ ಮಾರ್ಚ್-ಏಪ್ರಿಲ್ ಪರೀಕ್ಷೆಗೆ ನೀವು ಕೊಠಡಿಗಳಲ್ಲಿ ಸಿಸಿ ಕ್ಯಾಮೆರಾ ಹಾಕಿಸಿ, ದೂರದಿಂದಲೇ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ತಂದಿರಿ. ಅದು ನನ್ನ ಕೊನೆಯ ಪರೀಕ್ಷಾ ಡ್ಯೂಟಿ. ನಿಜ ಹೇಳುತ್ತೇನೆ, ನನಗೆ ಸಮಾಧಾನ ಆಯಿತು. ಚೀಟಿ ಬರಲಿಲ್ಲ. "ಸಹಕಾರ"ದ ಮಾತು ಬರಲಿಲ್ಲ. ಮೂರು ಗಂಟೆ ಕಾಲ ಯಾರಿಗೂ ಮೋಸ ಮಾಡದೆ ಸುಮ್ಮನೆ ನಿಂತೆ. ಆ ನಿರ್ಧಾರಕ್ಕಾಗಿ ಮಂಡಳಿಗೆ ಧನ್ಯವಾದ ಹೇಳುತ್ತೇನೆ.

ಫಲಿತಾಂಶ ಬಂದಾಗ ರಾಜ್ಯವೇ ಬೆಚ್ಚಿತು. 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40 ಆಯಿತು. ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಮುಖ್ಯಮಂತ್ರಿಗಳೇ ಅದನ್ನು ಒಪ್ಪಲಿಲ್ಲ, ಮುಂದಿನ ವರ್ಷ ಆ ಹೆಚ್ಚುವರಿ ಕೃಪಾಂಕ ನಿಂತಿತು. 2025ರ ಪರೀಕ್ಷೆ-1ರಲ್ಲಿ, ಅಂದರೆ ಆ ವರ್ಷದ ಮೊದಲ ಪರೀಕ್ಷೆಯಲ್ಲಿ, 8,42,173 ಮಂದಿ ಬರೆದು 5,24,984 ಮಂದಿ ಪಾಸಾದರು. ಅಂದರೆ ಶೇ 62.34.

ಈ ಅಂಕಿಗಳನ್ನು ನೋಡಿ "ಮಕ್ಕಳು ಇಷ್ಟು ವರ್ಷ ಕಾಪಿ ಹೊಡೆದೇ ಪಾಸಾಗುತ್ತಿದ್ದರು" ಎಂದು ತುಂಬ ಜನ ಮಾತಾಡಿದರು. ಅದು ನನಗೆ ಸಂಕಟ ಕೊಟ್ಟಿತು. ಇಳಿಕೆಗೆ ಕಾರಣ ನಕಲು ಒಂದೇ ಅಲ್ಲ, ಅದು ಬೇರೆ ಮಾತು. ಆದರೆ ನಕಲಿನ ಪಾಲು ಎಷ್ಟಿದೆಯೋ ಅಷ್ಟನ್ನು ಮಕ್ಕಳ ತಲೆಗೆ ಕಟ್ಟಬೇಡಿ. ಚೀಟಿ ಒಳಗೆ ಬರಬೇಕಾದರೆ ಪ್ರಶ್ನೆಪತ್ರಿಕೆ ಹೊರಗೆ ಹೋಗಬೇಕು. ಯಾರೋ ಕೂತು ಬಿಡಿಸಬೇಕು, ಯಾರೋ ಹೊತ್ತು ತರಬೇಕು, ನನ್ನಂಥವನು ಓದಬೇಕು. ಇಷ್ಟು ಜನ ದೊಡ್ಡವರು ಸೇರದೆ ಒಂದು ಮಗುವಿಗೆ ಉತ್ತರ ತಲುಪುವುದಿಲ್ಲ. ಅಂಗಿಯ ತೋಳಿನಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ ಹುಡುಗ ಡಿಬಾರ್ ಆಗುತ್ತಾನೆ. ತಂಬಿಗೆಯ ಅಡಿಯಲ್ಲಿ ಚೀಟಿ ಕಳಿಸಿದವರಿಗೆ ಉತ್ತಮ ಫಲಿತಾಂಶಕ್ಕಾಗಿ ಸನ್ಮಾನ ಆಗುತ್ತದೆ. ಇಂಥ ಸನ್ಮಾನದಲ್ಲಿ ನಾನು ಚಪ್ಪಾಳೆ ತಟ್ಟಿದ್ದೇನೆ. ಚಪ್ಪಾಳೆ ತಟ್ಟಲು ಮಕ್ಕಳನ್ನೂ ಸಾಲಾಗಿ ಕೂರಿಸಿದ್ದೆವು. ಅವರಿಗೆ ಎಲ್ಲ ಗೊತ್ತಿತ್ತು.

ಈ ಕಳ್ಳದಾರಿ ಶಾಲೆಯ ಗೇಟಿನಲ್ಲಿ ಮುಗಿಯುವುದಿಲ್ಲ. 2016ರಲ್ಲಿ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿಕೆಯಾಗಿ, ಓದಿದ ಮಕ್ಕಳು ಬೀದಿಯಲ್ಲಿ ನಿಂತು ಅತ್ತದ್ದು ನಿಮಗೆ ನೆನಪಿರಬೇಕು. 2021ರಲ್ಲಿ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆ ತಿದ್ದಿದ ಹಗರಣ ಹೊರಬಂದು 2022ರಲ್ಲಿ ಅದು ರದ್ದಾಯಿತು. ಕಲಬುರಗಿಯ ಒಂದು ಕೇಂದ್ರದ ಕೊಠಡಿ ಮೇಲ್ವಿಚಾರಕರನ್ನೂ ಸಿಐಡಿ ಬಂಧಿಸಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅಲ್ಲಿ ಲಕ್ಷಗಟ್ಟಲೆ ದುಡ್ಡಿನ ಆರೋಪ, ಇಲ್ಲಿ ಒಂದು ರೂಪಾಯಿಯೂ ಇಲ್ಲ, ಎರಡೂ ಒಂದೇ ಅಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ಅದು ಒಪ್ಪಲಿಲ್ಲ. ಪೊಲೀಸ್ ಆಗಬೇಕಾದವರು ಪೊಲೀಸ್ ಆಗಲು ಕಳ್ಳದಾರಿ ಹಿಡಿಯುತ್ತಾರೆ ಎಂದರೆ, ಆ ದಾರಿ ಇದೆ ಅಂತ ಅವರಿಗೆ ಮೊದಲು ತೋರಿಸಿದವರು ಯಾರಿರಬಹುದು?

ಮಗುವಿನ ಗುಣ ಎಲ್ಲಿ ಗೊತ್ತಾಗುತ್ತದೆ ಎಂದು ಈಗ ಯಾರಾದರೂ ಕೇಳಿದರೆ, ನಾನು ಬಿಸಿಯೂಟದ ಸಾಲು ತೋರಿಸುತ್ತೇನೆ. ಮೊಟ್ಟೆ ಕೊಡುವ ದಿನ ನಮ್ಮಲ್ಲಿ ಹತ್ತನೇ ತರಗತಿಯ ಹುಡುಗರು ಬಡಿಸಲು ನಿಲ್ಲುತ್ತಿದ್ದರು. ಒಂದು ದಿನ ಎರಡು ಮೊಟ್ಟೆ ಕಡಿಮೆ ಬಂದವು. ಸಾಲಿನ ಕೊನೆಯಲ್ಲಿ ಎಂಟನೇ ತರಗತಿಯ ಇಬ್ಬರು ಚಿಕ್ಕ ಹುಡುಗರು. ಬಡಿಸುತ್ತಿದ್ದವನು ತನ್ನ ತಟ್ಟೆಗೆ ಎತ್ತಿಟ್ಟುಕೊಂಡಿದ್ದ ಮೊಟ್ಟೆಯನ್ನು ಒಬ್ಬನಿಗೆ ಹಾಕಿದ. ಅವನ ಗೆಳೆಯನೂ ತನ್ನದನ್ನು ಕೊಟ್ಟ. ನಾನು ಕಿಟಕಿಯಿಂದ ನೋಡುತ್ತಿದ್ದೆ, ಅವರಿಗೆ ಗೊತ್ತಿರಲಿಲ್ಲ. ಹಾಗೆ ಮೊದಲು ಕೊಟ್ಟವನು ಗಣಿತದಲ್ಲಿ ಫೇಲಾದ. ವರ್ಗಾವಣೆ ಪತ್ರದಲ್ಲಿ ಅವನ ಗುಣನಡತೆಯ ಮುಂದೆ ನಾನು 'ಉತ್ತಮ' ಎಂದು ಬರೆದೆ. ಸಹಪಾಠಿಯ ಸೈಕಲ್ ಚೈನು ಕದ್ದು ಮಾರಿದ್ದ ಇನ್ನೊಬ್ಬನಿಗೂ 'ಉತ್ತಮ' ಎಂದೇ ಬರೆದೆ. ನಮ್ಮಲ್ಲಿ ಗುಮಾಸ್ತರ ಹುದ್ದೆ ಖಾಲಿ ಇತ್ತು, ವರ್ಷಗಟ್ಟಲೆ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೈ ತಾನಾಗಿಯೇ 'ಉತ್ತಮ' ಎಂದು ಬರೆಯುತ್ತಿತ್ತು.

ಅದೇ ಊಟದ ಸಾಲಿನಲ್ಲಿ ಮಕ್ಕಳು ಇನ್ನೊಂದನ್ನೂ ನೋಡುತ್ತಾರೆ. ತಟ್ಟೆ ಹಿಡಿದವರು ಎಷ್ಟು, ಹಾಜರಿ ಪುಸ್ತಕದಲ್ಲಿ ಬರೆದದ್ದು ಎಷ್ಟು. ಎಣಿಸಲು ಅವರಿಗೆ ಬರುತ್ತದೆ. ಪ್ರಾಜೆಕ್ಟ್ ಕೊಡದವನಿಗೂ ಆಂತರಿಕ ಮೌಲ್ಯಮಾಪನದಲ್ಲಿ 20ಕ್ಕೆ 20 ಬಿದ್ದದ್ದು ಅವರಿಗೆ ಗೊತ್ತಾಗುತ್ತದೆ. ರಾತ್ರಿಯೆಲ್ಲ ಕೂತು ಚಾರ್ಟ್ ಬಿಡಿಸಿದ ಹುಡುಗಿಗೂ ಅದೇ 20. ಅವಳು ಒಂದು ದಿನ ನನ್ನ ಹತ್ತಿರ ಬಂದು, "ಸರ್, ಮುಂದಿನ ಸಲ ಮಾಡ್ಲಾ ಬೇಡ್ವಾ?" ಎಂದು ಕೇಳಿದಳು. ಮಾಡಮ್ಮ ಎಂದೆ. ಯಾಕೆ ಮಾಡಬೇಕು ಎಂದು ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿವೃತ್ತಿಗೆ ಮುಂಚಿನ ಮೂರು ವರ್ಷ ನಾನು ಒಂದು ಸಣ್ಣ ಪ್ರಯತ್ನ ಮಾಡಿದೆ. ತಿಂಗಳಿಗೆ ಒಂದು ಕಿರು ಪರೀಕ್ಷೆ, ಹತ್ತು ಅಂಕದ್ದು. ಪ್ರಶ್ನೆ ಬರೆದು ನಾನು ಕೊಠಡಿಯಿಂದ ಹೊರಗೆ ಹೋಗುತ್ತಿದ್ದೆ. ಆಮೇಲೆ ಸರಿ ಉತ್ತರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅವರವರ ಪತ್ರಿಕೆ ಅವರವರೇ ತಿದ್ದಿ ಅಂಕ ಹಾಕಿಕೊಳ್ಳಬೇಕು. ಆ ಅಂಕ ಯಾವ ದಾಖಲೆಗೂ ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಮೊದಲ ತಿಂಗಳು ಎಲ್ಲರಿಗೂ ಒಂಬತ್ತು, ಹತ್ತು. ನಾನು ಏನೂ ಹೇಳಲಿಲ್ಲ. ಎರಡನೇ ತಿಂಗಳೂ ಹಾಗೇ. ಗುಟ್ಟಾಗಿ ಪತ್ರಿಕೆ ನೋಡೋಣ ಅನ್ನಿಸಿತು. ನೋಡಿದರೆ ಅದೂ ಒಂದು ಕ್ಯಾಮೆರಾ ಆಗುತ್ತದಲ್ವಾ ಎಂದು ಬಿಟ್ಟೆ.

ಬದಲಿಗೆ ಒಂದು ಕೆಲಸ ಮಾಡಿದೆ. ಒಂದು ದಿನ ತರಗತಿಯಲ್ಲಿ ಆ ಚೀಟಿಯ ಕಥೆ ಹೇಳಿದೆ. ಓದಿದವನು ನಾನೇ ಎಂದು ಹೇಳಿದೆ. 29 ಸರಿ ಇತ್ತು ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ತರಗತಿ ಸ್ತಬ್ಧವಾಯಿತು. ಹಿಂದಿನ ಬೆಂಚಿನ ಒಬ್ಬ, "ಆ ಅಕ್ಕ ಪಾಸಾದ್ರಾ ಸರ್?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ.

ನಾಲ್ಕನೇ ತಿಂಗಳಿನಿಂದ ಅಂಕಗಳು ಇಳಿಯತೊಡಗಿದವು. ಆರು, ನಾಲ್ಕು, ಏಳು. ಎಲ್ಲರದೂ ಅಲ್ಲ. ಕೆಲವರು ಕೊನೆಯವರೆಗೂ ಹತ್ತೇ ಹಾಕಿಕೊಂಡರು, ಅವರಿಗೆ ನಿಜವಾಗಿ ಅಷ್ಟೇ ಬಂದಿತ್ತೋ ಏನೋ. ಒಬ್ಬ ಹುಡುಗ ಮಾತ್ರ ಸ್ಟಾಫ್ ರೂಮಿನವರೆಗೆ ಬಂದು, "ಸರ್, ಒಂದು ಮಾರ್ಕ್ಸ್ ಜಾಸ್ತಿ ಹಾಕ್ಕೊಂಡಿದ್ದೆ, ಕಡಿಮೆ ಮಾಡ್ಕೊಂಡೆ" ಎಂದು ಹೇಳಿ ಓಡಿಹೋದ. ಏನೂ ಉಪಯೋಗಕ್ಕೆ ಬಾರದ ಅಂಕ ಅದು. ಅದಕ್ಕಾಗಿ ಯಾರೂ ಅವನನ್ನು ಕೇಳಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ, ಇದಕ್ಕೆ ಹತ್ತಿರದ ಪ್ರಯೋಗವನ್ನು 1920ರ ದಶಕದಲ್ಲಿ ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ಸಂಶೋಧಕರು ಮಾಡಿದ್ದರು. ಸುಮಾರು 11 ಸಾವಿರ ಮಕ್ಕಳು. ಅವರ ಪತ್ರಿಕೆಗಳ ನಕಲು ಮೊದಲೇ ಗುಟ್ಟಾಗಿ ತೆಗೆದಿಟ್ಟುಕೊಂಡು, ಉತ್ತರ ಕೊಟ್ಟು ಅವರ ಕೈಯಲ್ಲೇ ತಿದ್ದಿಸಿದ್ದರು. ಅವರು ಕಂಡದ್ದು ಇಷ್ಟು. ಮಕ್ಕಳನ್ನು ಪ್ರಾಮಾಣಿಕರು, ಮೋಸಗಾರರು ಅಂತ ಎರಡು ಗುಂಪು ಮಾಡಲು ಆಗುವುದಿಲ್ಲ. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆ ಮಾಡುವುದಿಲ್ಲ. ಸಂದರ್ಭ ಬದಲಾದರೆ ನಡತೆ ಬದಲಾಗುತ್ತದೆ. ನೀತಿ ಪಾಠಕ್ಕೆ ಹೋಗುವುದಕ್ಕೂ ಪರೀಕ್ಷೆಯಲ್ಲಿ ಪ್ರಾಮಾಣಿಕವಾಗಿ ಇರುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಆದರೆ ಒಂದೇ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಿದ್ದರು. ಕೊಠಡಿಯ ಗಾಳಿ ಹೇಗಿದೆಯೋ ಮಕ್ಕಳು ಹಾಗೆ.

ಅದನ್ನು ಓದಿದಾಗ ನನಗೆ ಮತ್ತೆ ಅದೇ 24 ಮಕ್ಕಳು ನೆನಪಾದರು. ಅವತ್ತು ಆ ಕೊಠಡಿಯ ಗಾಳಿ ನಾನಾಗಿದ್ದೆ.

ಮಾನ್ಯರೇ, ಇಷ್ಟನ್ನೂ ಹೇಳಿದ್ದು ಕೆಲವು ಬೇಡಿಕೆಗಳನ್ನು ನಿಮ್ಮ ಮುಂದೆ ಇಡಲು. ಮೊದಲನೆಯದು ದೊಡ್ಡದು, ಉಳಿದವು ಅದರ ಹಿಂದೆ ಬರುತ್ತವೆ.

ಫಲಿತಾಂಶದ ಶೇಕಡಾವಾರು ಹಿಡಿದು ಶಿಕ್ಷಕರಿಗೆ ನೋಟಿಸ್ ಕೊಡುವ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನಿಲ್ಲಲಿ. ನಿಲ್ಲಿಸುವ ಆದೇಶ ಶಾಲಾ ಶಿಕ್ಷಣ ಇಲಾಖೆಯಿಂದ ಬರಬೇಕು ಎಂದು ನನಗೆ ಗೊತ್ತು. ಆದರೆ ಮಂಡಳಿ ಬಾಯಿಬಿಟ್ಟು ಕೇಳಿದರೆ ಇಲಾಖೆ ಕಿವಿಗೊಡುತ್ತದೆ. ಪಾಠ ಮಾಡದ ಶಿಕ್ಷಕರನ್ನು ಕೇಳಿ, ಖಂಡಿತ ಕೇಳಿ. ಅದನ್ನು ತಿಳಿಯಲು ಜೂನ್‌ನಲ್ಲಿ ತರಗತಿಗೆ ಬನ್ನಿ, ಮಕ್ಕಳ ಓದಿನ ಮಟ್ಟ ಬರೆದುಕೊಳ್ಳಿ. ಮಾರ್ಚ್‌ನಲ್ಲಿ ಮತ್ತೆ ಬಂದು ಎಷ್ಟು ಮುಂದೆ ಹೋಗಿದ್ದಾರೆ ನೋಡಿ. ಸಹಿ ಮಾಡಲು ಬಾರದ ಮಗುವನ್ನು ಪತ್ರ ಬರೆಯುವ ಹಾಗೆ ಮಾಡಿದ ಶಿಕ್ಷಕಿ ನಿಮ್ಮ ಫಲಿತಾಂಶದ ಪಟ್ಟಿಯಲ್ಲಿ ಸೋತವರ ಸಾಲಿನಲ್ಲಿ ನಿಂತಿದ್ದಾರೆ. ಒಂದು ಸಭೆಯಲ್ಲಿ ಅವರ ಮುಂದೆಯೇ ಇಬ್ಬರು ಅಧಿಕಾರಿಗಳು ಗಟ್ಟಿ ದನಿಯಲ್ಲಿ "ಕಳಪೆ" ಎಂದಿದ್ದನ್ನು ನಾನು ಕೇಳಿದ್ದೇನೆ. ಆ ಸಭೆಯಿಂದ ಎದ್ದು ಹೋದವರು ಮುಂದಿನ ಮಾರ್ಚ್‌ನಲ್ಲಿ ಏನು ಮಾಡಬೇಕು ಎಂದು ನೀವು ಬಯಸುತ್ತೀರಿ?

ಚೀಟಿಯನ್ನು ವಾಪಸ್ ಕಳಿಸುವವರಿಗೆ ಒಂದು ಆಸರೆ ಬೇಕು. ಅವರ ದೂರು ಅದೇ ತಾಲೂಕಿನ ಮೇಜುಗಳ ಮೇಲೆ ಹೋಗಬಾರದು. ನೇರವಾಗಿ ಮಂಡಳಿಯಲ್ಲಿ ಒಬ್ಬ ಅಧಿಕಾರಿಗೆ ತಲುಪಬೇಕು. ದೂರು ಕೊಟ್ಟವರ ಮುಂದಿನ ಎರಡು ವರ್ಷದ ಡ್ಯೂಟಿ ಮತ್ತು ವರ್ಗಾವಣೆಯನ್ನು ಆ ಅಧಿಕಾರಿ ಗಮನಿಸಬೇಕು. ಕ್ಯಾಮೆರಾ ಕೊಠಡಿಯನ್ನು ನೋಡುತ್ತದೆ. ದೂರದ ಕೇಂದ್ರಕ್ಕೆ ಬಸ್ಸು ಬದಲಿಸಿ ಹೋಗುವ ಮೇಡಂ ಅವರನ್ನು ನೋಡುವುದಿಲ್ಲ.

ಆಂತರಿಕ ಅಂಕಗಳನ್ನು ಮುಟ್ಟಿ ನೋಡಿ. ಪ್ರತಿ ತಾಲೂಕಿನಲ್ಲಿ ಕೆಲವು ಶಾಲೆಗಳಿಗೆ ಮುನ್ಸೂಚನೆ ಇಲ್ಲದೆ ಹೋಗಿ ಪ್ರಾಜೆಕ್ಟ್ ಪುಸ್ತಕ ತರಿಸಿ, ಮಗುವಿನ ಜೊತೆ ಹತ್ತು ನಿಮಿಷ ಮಾತಾಡಿ. ಎಲ್ಲರಿಗೂ 20 ಇದ್ದರೆ ಶಾಲೆಯನ್ನು ಶಿಕ್ಷಿಸುವ ಆತುರ ಬೇಡ, ಮೊದಲು ಯಾಕೆ ಎಂದು ಕೇಳಿ. ಕ್ಯಾಮೆರಾ ಇರಲಿ. ಆದರೆ ಅದು ಯಾಕೆ ಇದೆ ಎಂದು ಮಕ್ಕಳಿಗೆ ಹೇಳಿ. ನಿಮ್ಮನ್ನು ನಂಬುವುದಿಲ್ಲ ಎಂದಲ್ಲ, ನಿಮಗೆ ಕಳ್ಳದಾರಿ ತೋರಿಸಿದ ನಮ್ಮನ್ನು ಕಾಯಲು ಇದೆ ಎಂದು ಹೇಳಿ. ಪರೀಕ್ಷೆಗೆ ಒಂದು ವಾರ ಮುಂಚೆ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮುಖ್ಯ ಶಿಕ್ಷಕರೇ ಹೇಳಲಿ. ತಿಂಗಳಿಗೊಂದು ಕಾವಲಿಲ್ಲದ ಕಿರು ಪರೀಕ್ಷೆಯನ್ನು ಬೇಕೆಂದ ಶಿಕ್ಷಕರು ನಡೆಸಲು ಬಿಡಿ. ಅದಕ್ಕೆ ನಮೂನೆ ಮಾಡಬೇಡಿ, ವರದಿ ಕೇಳಬೇಡಿ, ಕೇಳಿದ ದಿನ ಅದು ಸತ್ತುಹೋಗುತ್ತದೆ. ಗುಣನಡತೆಯ ಕಾಲಂ ಬಗ್ಗೆ ಒಂದೇ ಮಾತು. ಅದನ್ನು ತೆಗೆದುಹಾಕುವಂತೆ ಇಲಾಖೆಗೆ ಬರೆಯಿರಿ.

ಮೊಟ್ಟೆ ಕೊಟ್ಟ ಹುಡುಗ ಈಗ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಹೋದ ವರ್ಷ ನನ್ನ ಸ್ಕೂಟರ್ ಸರಿ ಮಾಡಿದ. ಹಳೆಯ ಪಾರ್ಟನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಬದಲಾಯಿಸಿದ್ದೀನಿ ಅಂತ ಗೊತ್ತಾಗ್ಲಿ ಸರ್" ಎಂದ. ಪೂರಕ ಪರೀಕ್ಷೆಯನ್ನೂ ಬರೆದು ಗಣಿತ ಪಾಸಾಗಿದ್ದನಂತೆ, ಮೂರನೇ ಸಲಕ್ಕೆ.

ನನ್ನ ಹೆಸರು, ವಿಳಾಸ, ಆ ವರ್ಷ, ಆ ಕೇಂದ್ರ, ಎಲ್ಲವೂ ಇರುವ ಪ್ರತಿಯನ್ನು ಅಂಚೆಯಲ್ಲಿ ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ನನ್ನ ಮೇಲೆ ಕ್ರಮ ಕೈಗೊಳ್ಳುವುದಾದರೆ ಅದಕ್ಕೆ ನಾನು ಸಿದ್ಧ. ಇಲ್ಲಿ ಹೆಸರು ಹಾಕದೇ ಇರುವುದು ನನ್ನನ್ನು ಉಳಿಸಿಕೊಳ್ಳಲು ಅಲ್ಲ. ನನ್ನ ಹೆಸರು ಗೊತ್ತಾದರೆ ಕೇಂದ್ರ ಗೊತ್ತಾಗುತ್ತದೆ. ಕೇಂದ್ರ ಗೊತ್ತಾದರೆ ಆ ವರ್ಷ ಅಲ್ಲಿ ಬರೆದ ಮಕ್ಕಳ ಅಂಕಪಟ್ಟಿಯ ಮೇಲೆ ಜನ ಬೆರಳು ಇಡುತ್ತಾರೆ. ಅವರಲ್ಲಿ ಒಬ್ಬಳು 29 ಎಂದು ಬರೆದಿದ್ದಾಳೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ